ಯುಕ್ತಿಯಿಂದ ಏರುವ ಬೆಟ್ಟ: ಬ್ರಯಾನ್ ಈನೋ ಅವರ ಎರಡನೆಯ ಆಲ್ಬಮ್ ಕೇಳುವ ಕ್ರಮ

ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ ಅವರ ಹೆಸರು ಕೇಳಿದವರಲ್ಲಿ ಹೆಚ್ಚಿನವರಿಗೆ ಪರಿಚಯವಿರುವುದು ಅವರ ಆಂಬಿಯೆಂಟ್ (ವಾತಾವರಣದಂತೆ ಹಿನ್ನೆಲೆಯಲ್ಲಿ ಹರಡಿಕೊಳ್ಳುವ) ಸಂಗೀತ, ಇಲ್ಲವೇ ರಾಕ್ ಗಾಯಕ ಡೇವಿಡ್ ಬೋವಿ ಅವರೊಡನೆ, ಟಾಕಿಂಗ್ ಹೆಡ್ಸ್ ಮತ್ತು ಯು2 ರಾಕ್ ತಂಡಗಳೊಡನೆ ಅವರು ಮಾಡಿದ ಕೆಲಸ. ಅದೆಲ್ಲಕ್ಕೂ ಮೊದಲು, 1974ರ ನವೆಂಬರಿನಲ್ಲಿ ಐಲೆಂಡ್ ರೆಕಾರ್ಡ್ಸ್ ಸಂಸ್ಥೆ ಹೊರತಂದ 'ಟೇಕಿಂಗ್ ಟೈಗರ್ ಮೌಂಟನ್, ಬೈ ಸ್ಟ್ರಾಟಜಿ' ಅವರ ಎರಡನೆಯ ಏಕವ್ಯಕ್ತಿ ಆಲ್ಬಮ್. ಬ್ರಿಟನ್ನಿನ ಮಾರಾಟಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಇಂದಿಗೂ ಅದನ್ನು ಮೊದಲ ಸಲ ಕೇಳುವವರು ಅರ್ಧಕ್ಕೇ ನಿಲ್ಲಿಸಿಬಿಡುವುದುಂಟು. ಹಾಡುಗಳು ಕಠಿಣವಾಗಿರುವುದು ಇದಕ್ಕೆ ಕಾರಣವಲ್ಲ. ಮೇಲ್ನೋಟಕ್ಕೆ ಅವು ಸರಳವಾದ, ಗುನುಗಿಕೊಳ್ಳಬಹುದಾದ ಧಾಟಿಗಳೇ. ಆದರೆ ಭಾವಗೀತೆ, ಸಿನಿಮಾ ಹಾಡುಗಳಿಗೆ ಒಗ್ಗಿದ ನಮ್ಮ ಕಿವಿ ಮೊದಲು ಸಾಹಿತ್ಯವನ್ನು ಹಿಡಿದು, ಅದರ ಅರ್ಥದ ಜಾಡಿನಲ್ಲಿ ಸಂಗೀತವನ್ನು ಹುಡುಕಿಕೊಂಡು ಹೋಗುತ್ತದೆ. ಈ ಆಲ್ಬಮ್ಮಿಗೆ ಆ ದಾರಿಯಿಂದ ಪ್ರವೇಶವಿಲ್ಲ. ಆದ್ದರಿಂದ ಕೇಳುವ ಕ್ರಮವನ್ನೇ ಸ್ವಲ್ಪ ಬದಲಿಸಿಕೊಳ್ಳಬೇಕಾಗುತ್ತದೆ, ಮತ್ತು ಆ ಬದಲಾವಣೆ ಹೇಗಿರಬೇಕೆಂಬುದನ್ನು ವಿವರಿಸುವುದೇ ಇಲ್ಲಿನ ಉದ್ದೇಶ.

ಮೊದಲಿಗೆ ಆಲ್ಬಮ್ ಹುಡುಕುವ ವಿಷಯ. ಆ ದಿನಗಳಲ್ಲಿ ಅವರು ಪೂರ್ಣ ಹೆಸರನ್ನು ಬಿಟ್ಟು ಬರೀ 'ಈನೋ' ಎಂದು ಮುದ್ರಿಸುತ್ತಿದ್ದರು. ಅಷ್ಟನ್ನೇ ಹುಡುಕಿದರೆ ನಮ್ಮ ದೇಶದಲ್ಲಿ ಹೊಟ್ಟೆಯುಬ್ಬರಕ್ಕೆ ಕುಡಿಯುವ ಪುಡಿಯೇ ಮೊದಲು ಎದುರಾಗುತ್ತದೆಯಾದ್ದರಿಂದ ಆಲ್ಬಮ್ಮಿನ ಹೆಸರನ್ನು ಪೂರ್ತಿಯಾಗಿ ಕೊಡುವುದು ಒಳ್ಳೆಯದು. ಇದರಲ್ಲಿರುವ 'ದ ಗ್ರೇಟ್ ಪ್ರಿಟೆಂಡರ್' ಎಂಬ ಹಾಡಿಗೂ, 1955ರಲ್ಲಿ ದ ಪ್ಲ್ಯಾಟರ್ಸ್ ತಂಡ ಹಾಡಿ ಹೆಸರಾದ ಅದೇ ಶೀರ್ಷಿಕೆಯ ಹಾಡಿಗೂ ಸಂಬಂಧವಿಲ್ಲ. ಯಾವ ಆವೃತ್ತಿಯನ್ನು ಆಯ್ದುಕೊಳ್ಳಬೇಕೆಂಬ ಪ್ರಶ್ನೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 2004ರಲ್ಲಿ ಹೊಸದಾಗಿ ಸಂಸ್ಕರಿಸಿದ ಪ್ರತಿ ಸಾಮಾನ್ಯ ಕೇಳುಗರಿಗೆ ಧಾರಾಳವಾಗಿ ಸಾಕು. 2017ರಲ್ಲಿ ಎರಡು ಎಲ್‌ಪಿ ತಟ್ಟೆಗಳಾಗಿ, ನಿಮಿಷಕ್ಕೆ 45 ಸುತ್ತಿನ ವೇಗಕ್ಕೆ ಮುದ್ರಿಸಿದ ದುಬಾರಿ ಪ್ರತಿಯೂ ಬಂದಿದೆ. ಅದರ ಧ್ವನಿಯನ್ನು ಮೆಚ್ಚುವವರು ಅನೇಕರಿದ್ದಾರೆ. ಆದರೆ ಒಂದೇ ತಟ್ಟೆಯ ಎರಡು ಮಗ್ಗುಲುಗಳಲ್ಲಿ ಮುಗಿಯುವ ಆಲ್ಬಮ್ ಅಲ್ಲಿ ನಾಲ್ಕು ಮಗ್ಗುಲುಗಳಾಗಿ ತುಂಡಾಗಿರುವುದರಿಂದ ಮೊದಲ ಪರಿಚಯಕ್ಕೆ ಅದು ತಕ್ಕದ್ದಲ್ಲವೆಂದೇ ನನ್ನ ಅಭಿಪ್ರಾಯ.

ಮಗ್ಗುಲುಗಳ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹತ್ತು ಹಾಡುಗಳ ಈ ಆಲ್ಬಮ್ ಒಟ್ಟು ಸುಮಾರು 48 ನಿಮಿಷ ಸಾಗುತ್ತದೆ. ಐದು ಹಾಡುಗಳ ಒಂದೊಂದು ಮಗ್ಗುಲಿಗೂ ಹತ್ತಿರಹತ್ತಿರ 24 ನಿಮಿಷ. ಫೋನಿನಲ್ಲಿ ಕೇಳುವವರು ಹಾಡುಗಳನ್ನು ಕಲೆಸಿ ನುಡಿಸುವ ಷಫಲ್ ಸೌಲಭ್ಯವನ್ನೂ, ಒಂದು ಹಾಡಿನ ಕೊನೆಯನ್ನು ಇನ್ನೊಂದರ ಆರಂಭದೊಳಗೆ ಕರಗಿಸುವ ಸೌಲಭ್ಯವನ್ನೂ ಮೊದಲೇ ನಿಲ್ಲಿಸಿಟ್ಟುಕೊಂಡು, ಐದನೆಯ ಹಾಡು ಮುಗಿದ ಕೂಡಲೇ ತಾವಾಗಿಯೇ ವಿರಾಮ ಕೊಡಬೇಕು. ಆ ಐದನೆಯ ಹಾಡು, ಅಂದರೆ 'ದ ಗ್ರೇಟ್ ಪ್ರಿಟೆಂಡರ್', ಜೀರುಂಡೆಗಳ ಸದ್ದನ್ನು ಹೋಲುವ ಚಿರಿಗುಟ್ಟುವಿಕೆಯಲ್ಲಿ ಕೊನೆಯಾಗುತ್ತದೆ. 1974ರ ಮೂಲ ತಟ್ಟೆಯಲ್ಲಿ ಆ ಸದ್ದನ್ನು ಒಳತುದಿಯ ಕೊನೆಯ ಗೀರಿನಲ್ಲಿ, ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುವಂತೆ ಕೊರೆದಿದ್ದರು. ಕೇಳುಗರು ಎದ್ದು ಹೋಗಿ ಮುಳ್ಳನ್ನು ಎತ್ತುವವರೆಗೂ ಜೀರುಂಡೆಗಳು ನಿಲ್ಲುತ್ತಿರಲಿಲ್ಲ. ಡಿಜಿಟಲ್ ಪ್ರತಿಗಳಲ್ಲಿ ಆ ಅನಂತ ಗೀರು ಇಲ್ಲ. ಹಾಗಾಗಿ ವಿರಾಮ ಕೊಡದೆ ಬಿಟ್ಟರೆ ಜೀರುಂಡೆಗಳ ಬೆನ್ನಿಗೇ ಆಲ್ಬಮ್ಮಿನ ಅತಿ ವೇಗದ ಹಾಡು ಮೈಮೇಲೆ ಬಿದ್ದು, ಎರಡರ ಪರಿಣಾಮವೂ ಕೆಡುತ್ತದೆ.

ಸಾಧ್ಯವಿದ್ದರೆ ಮೊದಲ ಸಲ ಸ್ಪೀಕರಿನಲ್ಲಿ, ಎರಡನೆಯ ಸಲ ಹೆಡ್‌ಫೋನಿನಲ್ಲಿ ಕೇಳಿ. ಮೊದಲ ಸಲ ಒಟ್ಟು ಆಕಾರ ಗೊತ್ತಾದರೆ ಸಾಕು; ಎಡಬಲಗಳಲ್ಲಿ ಯಾವ ಸದ್ದು ಎಲ್ಲಿಂದ ಬರುತ್ತಿದೆಯೆಂಬ ವಿವರ ಆಮೇಲಿನ ಮಾತು.

ಕೇಳುವುದಕ್ಕೆ ಮೊದಲು ತಿಳಿದಿರಬೇಕಾದ ಹಿನ್ನೆಲೆ ಹೆಚ್ಚೇನಿಲ್ಲ. ಈನೋ 1948ರಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿ ಹುಟ್ಟಿದವರು. ಚಿತ್ರಕಲಾ ಶಾಲೆಯಲ್ಲಿ ಓದಿ, ರಾಕ್ಸಿ ಮ್ಯೂಸಿಕ್ ಎಂಬ ರಾಕ್ ತಂಡದಲ್ಲಿ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಹಾಗೂ ಟೇಪುಗಳ ಕೆಲಸ ನೋಡಿಕೊಂಡು, 1973ರಲ್ಲಿ ಅದನ್ನು ಬಿಟ್ಟರು. ತಮ್ಮನ್ನು ಸಂಗೀತಗಾರನಲ್ಲದವನು ಎಂದು ಕರೆದುಕೊಳ್ಳುತ್ತಿದ್ದ ಅವರು 1974ರ ಆರಂಭದಲ್ಲಿ ಹೊರಬಂದ ಮೊದಲ ಆಲ್ಬಮ್ಮಿಗೆ ಒಬ್ಬರಿಗೊಬ್ಬರು ಹೊಂದದ ಹದಿನಾರು ವಾದಕರನ್ನು ಕೂಡಿಹಾಕಿ, ಆ ಘರ್ಷಣೆಯಿಂದ ಏನು ಹುಟ್ಟುತ್ತದೆಂದು ನೋಡಿದ್ದರು. ಅದರ ಬೆನ್ನಿಗೇ ಕೈಗೊಂಡ ಪ್ರವಾಸವನ್ನು ಶ್ವಾಸಕೋಶದ ತೊಂದರೆಯಿಂದಾಗಿ ನಡುವೆಯೇ ಕೈಬಿಡಬೇಕಾಯಿತು. ಎರಡನೆಯ ಆಲ್ಬಮ್ಮಿನಲ್ಲಿ ಅವರು ಜನರನ್ನು ಕಡಿಮೆ ಮಾಡಿ ಯೋಜನೆಯನ್ನು ಹೆಚ್ಚಿಸಿದರು. ಫಿಲ್ ಮಾಂಜನೇರಾ ಗಿಟಾರ್, ಬ್ರಯಾನ್ ಟರಿಂಗ್ಟನ್ ಬೇಸ್ (ತಗ್ಗಿನ ಸ್ವರಗಳ ಗಿಟಾರ್), ಫ್ರೆಡ್ಡಿ ಸ್ಮಿತ್ ಡ್ರಮ್ಸ್, ರಾಬರ್ಟ್ ವಯಟ್ ತಾಳವಾದ್ಯ ಮತ್ತು ಹಿನ್ನೆಲೆ ದನಿ: ಈನೋ ಅವರನ್ನೂ ಸೇರಿಸಿದರೆ ಮೂಲ ತಂಡ ಐದೇ ಜನ. ಲಂಡನ್ನಿನ ಬೇಸಿಂಗ್ ಸ್ಟ್ರೀಟಿನಲ್ಲಿ ಹಳೆಯ ಚರ್ಚೊಂದನ್ನು ಮಾರ್ಪಡಿಸಿ ಕಟ್ಟಿದ್ದ ಐಲೆಂಡ್ ಸ್ಟುಡಿಯೊದಲ್ಲಿ, ರೆಟ್ ಡೇವಿಸ್ ಅವರ ತಾಂತ್ರಿಕ ನೆರವಿನೊಂದಿಗೆ 1974ರ ಸೆಪ್ಟೆಂಬರಿನಲ್ಲಿ ಧ್ವನಿಮುದ್ರಣ ನಡೆಯಿತು.

ಹುಲಿಬೆಟ್ಟವನ್ನು ಯುಕ್ತಿಯಿಂದ ವಶಪಡಿಸಿಕೊಳ್ಳುವುದು ಎಂಬರ್ಥದ ಆಲ್ಬಮ್ಮಿನ ಹೆಸರು ಬಂದದ್ದು ಚೀನಾದಿಂದ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅಲ್ಲಿ ಪ್ರದರ್ಶನಕ್ಕೆ ಒಪ್ಪಿತವಾಗಿದ್ದ 'ಮಾದರಿ' ರಂಗಕೃತಿಗಳಲ್ಲಿ ಇದೇ ಹೆಸರಿನ ಪೀಕಿಂಗ್ ಆಪೆರಾ (ಚೀನಾದ ಸಂಗೀತನಾಟಕ) ಒಂದು. 1946ರ ಸುಮಾರಿಗೆ, ಈಶಾನ್ಯ ಚೀನಾದ ಹಿಮದ ಬೆಟ್ಟದಲ್ಲಿ ಅಡಗಿದ್ದ ಡಕಾಯಿತರ ನೆಲೆಗೆ ಸೈನ್ಯದ ಗೂಢಚಾರನೊಬ್ಬ ಡಕಾಯಿತನ ವೇಷದಲ್ಲೇ ಹೊಕ್ಕು ಅದನ್ನು ಬೀಳಿಸುವುದು ಅದರ ಕಥೆ. ಈನೋ ಆ ಆಪೆರಾ ನೋಡಿ ಪ್ರಭಾವಿತರಾದವರಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಅವರ ಕೈಗೆ ಸಿಕ್ಕಿದ್ದು ಅದರ ದೃಶ್ಯಗಳ ಒಂದು ಕಟ್ಟು ಪೋಸ್ಟ್‌ಕಾರ್ಡುಗಳಷ್ಟೇ. ಕೋಟೆಗೆ ಮೈಯೊಡ್ಡಿ ನುಗ್ಗುವ ಹಳೆಯ ಕಾಲದ ಸಾಹಸ ಶೀರ್ಷಿಕೆಯ ಮೊದಲರ್ಧದಲ್ಲೂ, ಕೂತು ಲೆಕ್ಕ ಹಾಕುವ ಇಪ್ಪತ್ತನೆಯ ಶತಮಾನದ ತಂತ್ರಗಾರಿಕೆ ಎರಡನೆಯ ಅರ್ಧದಲ್ಲೂ ಇರುವುದು ಅವರಿಗೆ ಹಿಡಿಸಿತ್ತು. ಆಲ್ಬಮ್ಮಿನುದ್ದಕ್ಕೂ ನಾವು ಕೇಳಬೇಕಾದದ್ದು ಇದನ್ನೇ: ಬಾಲಗೀತೆಯಷ್ಟು ಹಳೆಯ ಧಾಟಿಗಳು, ಅವುಗಳ ಅಡಿಯಲ್ಲಿ ಕಟ್ಟುನಿಟ್ಟಾಗಿ ಹೊಂದಿಸಿಟ್ಟ ಯಂತ್ರದಂಥ ಲಯ.

ಈಗ ಮೊದಲ ಮಗ್ಗುಲು. ಸಾಹಿತ್ಯದ ಹಾಳೆಯನ್ನಾಗಲಿ ಅಂತರ್ಜಾಲದ ಪುಟವನ್ನಾಗಲಿ ತೆರೆದಿಟ್ಟುಕೊಳ್ಳಬೇಡಿ. ಈನೋ ಅವರು ವಾದ್ಯಗಳ ಹಿನ್ನೆಲೆಯನ್ನು ಮೊದಲು ಸಿದ್ಧಪಡಿಸಿ, ಅದರ ಮೇಲೆ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಗೆ ಬಂದಂತೆ ಹಾಡುತ್ತಾ ಹೋಗಿ, ಆ ಸದ್ದುಗಳೇ ಕ್ರಮೇಣ ಪದಗಳಾಗಿ ಗಟ್ಟಿಯಾಗಲು ಬಿಡುತ್ತಿದ್ದರು. ಪದ ಹುಟ್ಟಿದ್ದೇ ನಾದದ ಒತ್ತಾಯದಿಂದ. ಅರ್ಥ ಆಮೇಲೆ ಬಂದು ಸೇರಿದ ಅತಿಥಿ. ಆದ್ದರಿಂದ ದನಿಯನ್ನು ಇನ್ನೊಂದು ವಾದ್ಯವೆಂದು ಎಣಿಸಿ, ಯಾವ ವ್ಯಂಜನ ಯಾವ ಪೆಟ್ಟಿಗೆ ಸರಿಯಾಗಿ ಬೀಳುತ್ತದೆ, ಸ್ವರಾಕ್ಷರ ಎಲ್ಲಿ ಉದ್ದವಾಗುತ್ತದೆ ಎಂಬುದನ್ನಷ್ಟೇ ಗಮನಿಸಿದರೆ ಹಾಡುಗಳು ಬೇಗ ಬಿಚ್ಚಿಕೊಳ್ಳುತ್ತವೆ.

ಆರಂಭದ 'ಬರ್ನಿಂಗ್ ಏರ್‌ಲೈನ್ಸ್ ಗಿವ್ ಯು ಸೋ ಮಚ್ ಮೋರ್' ಹಾಡನ್ನು ಹೀಗೆ ಎರಡು ಸಲ ಕೇಳಿದ ಮೇಲೆ ಮಾತ್ರ ಮುಂದಿನ ಸಂಗತಿಯನ್ನು ಅದಕ್ಕೆ ಜೋಡಿಸಿಕೊಳ್ಳಿ. 1974ರ ಮಾರ್ಚ್ 3ರಂದು ಟರ್ಕಿಶ್ ಏರ್‌ಲೈನ್ಸ್‌ನ ಡಿಸಿ-10 ವಿಮಾನ ಪ್ಯಾರಿಸ್ ಹತ್ತಿರದ ಕಾಡಿನಲ್ಲಿ ಬಿದ್ದು, ಅದರಲ್ಲಿದ್ದ 346 ಜನರೂ ಸತ್ತರು; ಹಾಡಿನ ಬೆನ್ನಿಗಿರುವುದು ಆ ಅಪಘಾತ. ಗಿಟಾರಿನ ತಿಳಿಯಾದ ಎಳೆಗಳು, ಪ್ರವಾಸದ ಜಾಹೀರಾತಿನಂತೆ ನಗುನಗುತ್ತಾ ಸಾಗುವ ಧಾಟಿ ಈಗಾಗಲೇ ನಿಮಗೆ ಪ್ರಿಯವಾಗಿಬಿಟ್ಟಿರುತ್ತವೆ. ವಿಷಯ ತಿಳಿದ ಮೇಲೂ ಧಾಟಿಯನ್ನು ಅಪ್ರಿಯ ಮಾಡಿಕೊಳ್ಳುವುದು ಸುಲಭವಲ್ಲ, ಹಾಡು ಬೇಕೆಂದೇ ಹೂಡಿದ ಇಕ್ಕಟ್ಟು ಅದೇ. ವಿಷಯವನ್ನು ಮೊದಲೇ ತಿಳಿದು ಕೇಳಲು ಕೂತವರಿಗೆ ಈ ಇಕ್ಕಟ್ಟು ತಟ್ಟುವುದಿಲ್ಲ.

'ಬ್ಯಾಕ್ ಇನ್ ಜೂಡೀಸ್ ಜಂಗಲ್' ಮೂರು ಪೆಟ್ಟಿನ ವಾಲ್ಟ್ಸ್ ಲಯದಲ್ಲಿದೆ; ತಿಶ್ರ ನಡೆಯ ಅಭ್ಯಾಸವಿರುವವರು ತೊಡೆಯ ಮೇಲೆ ತಾಳ ಹಾಕುತ್ತಲೇ ಕೇಳಬಹುದು, ಶಿಳ್ಳೆ ಬಂದಾಗ ನಗಲೂಬಹುದು. 'ದ ಫ್ಯಾಟ್ ಲೇಡಿ ಆಫ್ ಲಿಂಬರ್ಗ್' ಹಾಡಿನಲ್ಲಿ ರಾಕ್ಸಿ ಮ್ಯೂಸಿಕ್‌ನ ಹಳೆಯ ಒಡನಾಡಿ ಆಂಡಿ ಮಕೈ ನುಡಿಸಿದ ಗಾಳಿವಾದ್ಯಗಳು ಬರುತ್ತವೆ. 'ಮದರ್ ವೇಲ್ ಐಲೆಸ್' ಹಾಡಿನಲ್ಲಿ ಡ್ರಮ್ಸ್ ಬದಲಾಗಿರುವುದು ಕಿವಿಗೆ ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ. ಅಲ್ಲಿ ಬಾರಿಸಿದವರು ಜೆನಿಸಿಸ್ ಎಂಬ ರಾಕ್ ತಂಡದ ಡ್ರಮ್ಸ್ ವಾದಕ ಫಿಲ್ ಕಾಲಿನ್ಸ್. ಆ ತಂಡ ಆಗ ತನ್ನ 'ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ' ಆಲ್ಬಮ್ಮಿನ ಅಂತಿಮ ಕೆಲಸವನ್ನು ಅದೇ ಸ್ಟುಡಿಯೊದಲ್ಲಿ ಮಾಡುತ್ತಿತ್ತು. ಈನೋ ಅದರ ಕೆಲವು ಹಾಡುಗಳ ದನಿಯನ್ನು ತಮ್ಮ ಯಂತ್ರಗಳಲ್ಲಿ ಹಾಯಿಸಿ ಕೊಟ್ಟರು, ಪ್ರತಿಯಾಗಿ ಕಾಲಿನ್ಸ್ ಬಂದು ಇಲ್ಲಿ ಡ್ರಮ್ಸ್ ಬಾರಿಸಿ ಹೋದರು. ಹಣದ ಬದಲು ಕೆಲಸಕ್ಕೆ ಕೆಲಸ.

ಎರಡನೆಯ ಮಗ್ಗುಲನ್ನು ಅದೇ ದಿನ ಕೇಳಲೇಬೇಕೆಂದಿಲ್ಲ. ಕೇಳುವಾಗ ಮಾತ್ರ 'ಥರ್ಡ್ ಅಂಕಲ್' ಹಾಡಿಗೆ ಸ್ವಲ್ಪ ಹೆಚ್ಚು ದನಿ ಕೊಡಿ. ಸುಮಾರು ಐದು ನಿಮಿಷಗಳ ಈ ಹಾಡಿನಲ್ಲಿ ಸ್ವರಸಂಗತಿ ಬಹುಮಟ್ಟಿಗೆ ಬದಲಾಗುವುದೇ ಇಲ್ಲ. ಬೇಸ್ ಗಿಟಾರಿನ ತುಡಿತ ಒಂದೇ ಸಮನೆ ಓಡುತ್ತಿದ್ದರೆ, ಅದರ ಮೇಲೆ ಮಾಂಜನೇರಾ ಅವರ ಗಿಟಾರ್ ಕೆರೆಯುತ್ತಾ, ಚೀರುತ್ತಾ ಹೋಗುತ್ತದೆ, ಈನೋ ಅವರ ದನಿ ಭಾವವಿಲ್ಲದೆ ಪಟ್ಟಿ ಓದುತ್ತದೆ. ಮೊದಲು ಬೇಸನ್ನು ಮಾತ್ರ ಕೊನೆಯವರೆಗೂ ಹಿಂಬಾಲಿಸಿ, ಗಿಟಾರಿನ ಕಡೆ ಗಮನ ಹೋದಾಗಲೆಲ್ಲ ಹಿಂದಕ್ಕೆಳೆದುಕೊಳ್ಳಿ. ಮತ್ತೊಮ್ಮೆ ಗಿಟಾರನ್ನು ಮಾತ್ರ ಕೇಳಿ. ಇಡೀ ಆಲ್ಬಮ್ ಕಟ್ಟಿರುವ ಬಗೆ ಈ ಎರಡು ಕೇಳ್ಮೆಗಳಲ್ಲಿ ತಿಳಿದುಹೋಗುತ್ತದೆ, ಏಕೆಂದರೆ ಬೇಸಿನ ಸ್ಥಿರತೆ ಇಲ್ಲದಿದ್ದರೆ ಗಿಟಾರಿನ ಹುಚ್ಚಾಟಕ್ಕೆ ಅರ್ಥವಿರುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಪಂಕ್ ಎಂಬ ಒರಟು, ವೇಗದ ರಾಕ್ ಸಂಗೀತ ತಲೆಯೆತ್ತುವುದಕ್ಕೆ ಎರಡು ವರ್ಷ ಮೊದಲೇ ಬಂದ ಹಾಡಿದು. 1982ರಲ್ಲಿ ಬೌಹೌಸ್ ತಂಡ ಇದನ್ನು ಮತ್ತೆ ಹಾಡಿತು.

ಅದರ ಬೆನ್ನಿಗೆ ಬರುವ 'ಪುಟ್ ಎ ಸ್ಟ್ರಾ ಅಂಡರ್ ಬೇಬಿ' ಎಂಬ ಪುಟ್ಟ ಜೋಗುಳದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮಲ್ಲಿ ಶಾಸ್ತ್ರೀಯ ಸಂಗೀತ ಕೇಳಿ ಬೆಳೆದವರಿಗೆ ಆಲ್ಬಮ್ಮಿನಲ್ಲಿ ಅತಿ ಹೆಚ್ಚು ಕಿರಿಕಿರಿ ಮಾಡುವ ಹಾಡು ಇದು, ಸರಿಯಾಗಿ ಕೇಳಿಸಿಕೊಂಡರೆ ಅತಿ ಹೆಚ್ಚು ಕಲಿಸುವುದೂ ಇದೇ. ಹಾಡಿನ ನಡುವೆ ಪಿಟೀಲುಗಳ ಗುಂಪೊಂದು ಪ್ರವೇಶಿಸುತ್ತದೆ. ಒಂದೊಂದು ಪಿಟೀಲೂ ಸ್ವರದ ಹತ್ತಿರ ಬಂದು, ಕೂದಲೆಳೆ ಮೇಲೆ ಅಥವಾ ಕೆಳಗೆ ನಿಂತುಬಿಡುತ್ತದೆ. ಶ್ರುತಿ ಸೇರುವುದಿಲ್ಲ. ನುಡಿಸುತ್ತಿರುವುದು ಪೋರ್ಟ್ಸ್‌ಮತ್ ಸಿಂಫೋನಿಯಾ ಎಂಬ ವಾದ್ಯಗೋಷ್ಠಿ. ಸಂಗೀತ ರಚನಕಾರ ಗ್ಯಾವಿನ್ ಬ್ರಯರ್ಸ್ 1970ರಲ್ಲಿ ಪೋರ್ಟ್ಸ್‌ಮತ್ ಕಲಾಶಾಲೆಯಲ್ಲಿ ಆರಂಭಿಸಿದ ಈ ಗೋಷ್ಠಿಗೆ ಸಂಗೀತ ಬಾರದವರು ಸೇರಬಹುದಿತ್ತು. ಬಲ್ಲವರು ಬಂದರೆ ತಮಗೆ ಅಭ್ಯಾಸವಿಲ್ಲದ ವಾದ್ಯವನ್ನು ಹಿಡಿಯಬೇಕಿತ್ತು. ಈನೋ ಸ್ವತಃ ಅದರಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಬೇಕೆಂದೇ ಕೆಟ್ಟದಾಗಿ ನುಡಿಸಿ ನಗಿಸುವುದು ಅಲ್ಲಿ ನಿಷಿದ್ಧವಾಗಿತ್ತು. ಎಲ್ಲರೂ ತಮ್ಮ ಶಕ್ತಿಮೀರಿ ಸರಿಯಾಗಿ ನುಡಿಸಲು ಪ್ರಯತ್ನಿಸಬೇಕಿತ್ತು. 1974ರ ಮೇ ತಿಂಗಳಲ್ಲಿ ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲೇ ಕಛೇರಿ ನಡೆಸಿದರು.

ಇದನ್ನು ತಿಳಿದ ಮೇಲೆ ಪಿಟೀಲುಗಳ ಭಾಗವನ್ನು ಮತ್ತೆ ಕೇಳಿ. ಒಂದು ಸ್ವರ ಸೂಜಿಯ ಮೊನೆಯಾಗದೆ ಹರವಾದ ಮೋಡವಾಗುತ್ತದೆ; ಅದರ ನಡುವೆಲ್ಲೋ ನಿಜವಾದ ಸ್ವರವಿದೆಯೆಂದು ಗೊತ್ತಾಗುತ್ತದೆಯೇ ಹೊರತು ಯಾರೊಬ್ಬರೂ ಅದರ ಮೇಲಿಲ್ಲ. ತೊದಲುವ ಮಗುವಿನ ಹಾಡಿಗೆ ಪಕ್ಕವಾದ್ಯವಾಗಿ ಇದಕ್ಕಿಂತ ತಕ್ಕದ್ದು ಸಿಗಲಾರದು. ಜೊತೆಗೆ ಕೇಳುವ ಎರಡನೆಯ ದನಿ ರಾಬರ್ಟ್ ವಯಟ್ ಅವರದು. 1973ರ ಜೂನ್ ತಿಂಗಳಲ್ಲಿ ಕಿಟಕಿಯಿಂದ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಅವರು, ಕಾಲುಗಳನ್ನು ಬಳಸಿ ಬಾರಿಸುವ ಡ್ರಮ್ ಸೆಟ್ಟನ್ನು ಬಿಟ್ಟು ಕೈಯಿಂದ ನುಡಿಸುವ ತಾಳವಾದ್ಯಗಳಿಗೂ ಹಾಡಿಕೆಗೂ ತಿರುಗಿದ್ದರು. ಕ್ಯಾಥೊಲಿಕ್ ಶಾಲೆಯಲ್ಲಿ ಕಲಿತ ಈನೋ ಅವರ ಸಾಹಿತ್ಯದಲ್ಲಿ ಕಾನ್ವೆಂಟಿನ ನೆರಳು ಸುಳಿಯುವುದೂ ಇಲ್ಲೇ.

'ದ ಟ್ರೂ ವೀಲ್' ಹಾಡಿನ ಗುಂಪುದನಿಯಲ್ಲಿ 801 ಎಂಬ ಸಂಖ್ಯೆ ಬರುತ್ತದೆ, ಅದರ ಮಾತು ಮುಂದಿದೆ. ಮ್ಯಾಂಚೆಸ್ಟರಿನ ಎ ಸರ್ಟನ್ ರೇಶಿಯೊ ತಂಡ ಹೆಸರು ಹೆಕ್ಕಿಕೊಂಡದ್ದೂ ಈ ಹಾಡಿನಿಂದಲೇ. 'ಚೈನಾ ಮೈ ಚೈನಾ' ಬಂದಾಗ ಕಿವಿಯನ್ನು ಚುರುಕಾಗಿಸಿಕೊಳ್ಳಿ: ತಾಳವಾದ್ಯದ ಜಾಗದಲ್ಲಿ ಬೆರಳಚ್ಚು ಯಂತ್ರಗಳು ನುಡಿಯುತ್ತವೆ. ಕಚೇರಿಗಳಲ್ಲಿ ಟೈಪ್‌ರೈಟರ್ ಕೇಳಿ ಬೆಳೆದ ತಲೆಮಾರಿಗೆ ಅದು ತಕ್ಷಣ ಹೊಳೆಯುತ್ತದೆ. ಅದನ್ನು ಕೇಳಿಯೇ ಗೊತ್ತಿಲ್ಲದ ಕಿರಿಯರು ಅದನ್ನು ಸಿಂಥಸೈಜರಿನ ಸದ್ದೆಂದುಕೊಳ್ಳಬಹುದು. ಆಲ್ಬಮ್ಮಿನ ದುರ್ಬಲ ಜಾಗ ಯಾವುದೆಂದು ಕೇಳಿದರೆ ನಾನು ಬೆರಳು ತೋರಿಸುವುದೂ ಈ ಹಾಡಿನ ಕಡೆಗೇ. ಇಲ್ಲಿರುವ ಚೀನಾ ಲಂಡನ್ನಿನಲ್ಲಿ ಕುಳಿತು ಪೋಸ್ಟ್‌ಕಾರ್ಡುಗಳಲ್ಲಿ ಕಂಡ ಚೀನಾ. ಆ ದೇಶದಲ್ಲಿ ಆಗ ಜನ ಪಡುತ್ತಿದ್ದ ಪಾಡು ಈ ಹಾಡುಗಳನ್ನು ಮುಟ್ಟಿಲ್ಲ. ಇದು ಮಾವೋ ಅವರನ್ನು ಹೊಗಳುವ ಆಲ್ಬಮ್ಮೂ ಅಲ್ಲ, ತೆಗಳುವ ಆಲ್ಬಮ್ಮೂ ಅಲ್ಲ. ರಾಜಕೀಯ ನಿಲುವನ್ನು ಹುಡುಕುತ್ತಾ ಕೇಳಿದರೆ ಬರಿಗೈಯಲ್ಲಿ ಬರಬೇಕಾಗುತ್ತದೆ. ಕೊನೆಯ ಹಾಡು ನಿಧಾನವಾಗಿ, ಬಹುಪಾಲು ವಾದ್ಯಗಳಲ್ಲೇ ಬೆಟ್ಟ ಹತ್ತಿ, ದನಿ ತಡವಾಗಿ ಬಂದು ಸೇರುತ್ತದೆ. ಅದನ್ನು ಮುಂದಕ್ಕೆ ಓಡಿಸಬೇಡಿ. ಹಿಂದಿನ ನಾಲ್ಕು ಹಾಡುಗಳ ಗದ್ದಲವಾದ ಮೇಲೆ ಅಷ್ಟು ಉದ್ದದ ಏರು ಬೇಕಾಗುತ್ತದೆ.

ಎರಡು ಮಗ್ಗುಲುಗಳೂ ಒಮ್ಮೆ ಪೂರ್ತಿಯಾದ ಮೇಲೆ ಕೇಳುವ ರೀತಿಯನ್ನು ಬೇಕೆಂದೇ ಬದಲಾಯಿಸುತ್ತಾ ಹೋಗಬೇಕು. ಇದಕ್ಕೆ ಈನೋ ಅವರದೇ ಒಂದು ಸಲಕರಣೆಯಿದೆ. ಮುಖಪುಟದಲ್ಲಿರುವ ಈನೋ ಅವರ ಲಿಥೋಗ್ರಾಫ್ (ಕಲ್ಲಚ್ಚು) ಭಾವಚಿತ್ರಗಳನ್ನು ಮಾಡಿದ ಕಲಾವಿದ ಪೀಟರ್ ಶ್ಮಿಟ್ ಮತ್ತು ಈನೋ ಇಬ್ಬರೂ, ಕೆಲಸ ಮುಂದೆ ಸಾಗದೆ ನಿಂತಾಗ ಬಳಸಲೆಂದು ಚಿಕ್ಕ ಚಿಕ್ಕ ಸೂಚನೆಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಅವು 1975ರಲ್ಲಿ 'ಆಬ್ಲೀಕ್ ಸ್ಟ್ರಾಟಜೀಸ್' ಎಂಬ ನೂರಕ್ಕೂ ಹೆಚ್ಚು ಕಾರ್ಡುಗಳ ಪೆಟ್ಟಿಗೆಯಾಗಿ ಪ್ರಕಟವಾದವು. ದಿಕ್ಕು ತೋಚದಾಗ ಒಂದು ಕಾರ್ಡನ್ನು ಎಳೆದು, ಅದು ಹೇಳಿದಂತೆ ನಡೆಯಬೇಕು, ಆ ಮಾತು ಎಷ್ಟೇ ಅಸಂಬದ್ಧವೆನಿಸಿದರೂ. ತಪ್ಪನ್ನು ತನ್ನೊಳಗಿದ್ದ ಗುಪ್ತ ಉದ್ದೇಶವೆಂದು ಗೌರವಿಸಬೇಕೆನ್ನುವ ಕಾರ್ಡು ಅವುಗಳಲ್ಲಿ ಪ್ರಸಿದ್ಧವಾದದ್ದು. ಕೇಳುಗರೂ ಇದೇ ಉಪಾಯವನ್ನು ಅನುಸರಿಸಬಹುದು. ಹತ್ತು ಚೀಟಿಗಳಲ್ಲಿ ಹತ್ತು ಸೂಚನೆ ಬರೆದಿಟ್ಟುಕೊಳ್ಳಿ, ಉದಾಹರಣೆಗೆ: ಬೇಸ್ ಮಾತ್ರ ಕೇಳು, ಎಡಗಿವಿಯನ್ನು ಮುಚ್ಚಿಕೊಂಡು ಕೇಳು, ತಪ್ಪೆನಿಸಿದ ಜಾಗವನ್ನು ಮೂರು ಸಲ ಕೇಳು, ಪಕ್ಕದ ಕೋಣೆಯಿಂದ ಕೇಳು, ಹಾಡು ಮುಗಿದ ಮೇಲೆ ಅದರ ಧಾಟಿಯನ್ನು ಪದವಿಲ್ಲದೆ ಗುನುಗು. ಒಂದೊಂದು ಹಾಡಿಗೂ ಮುನ್ನ ಒಂದು ಚೀಟಿ ಎತ್ತಿ. ಪಕ್ಕದ ಕೋಣೆಯಿಂದ ಕೇಳುವ ಸೂಚನೆ 'ದ ಗ್ರೇಟ್ ಪ್ರಿಟೆಂಡರ್' ಹಾಡಿಗೆ ಬಿದ್ದರೆ ಅದೃಷ್ಟವೆಂದೇ ತಿಳಿಯಿರಿ.

ಸಾಹಿತ್ಯದ ಹಾಳೆಯನ್ನು ತೆರೆಯಬೇಕಾದದ್ದು ಇದಾದ ಮೇಲೆ. ಆಗಲೂ ಸಾಲುಸಾಲಿಗೆ ಅರ್ಥ ಹಚ್ಚುವ ಬದಲು, ಗೂಢಚಾರರು, ವಿಮಾನಗಳು, ದೂರದ ಪೂರ್ವದೇಶಗಳು ಬೇರೆ ಬೇರೆ ಹಾಡುಗಳಲ್ಲಿ ಹೇಗೆ ತಲೆ ಹಾಕುತ್ತವೆಂದು ಗಮನಿಸಿದರೆ ಸಾಕು.

ಮುಂದಕ್ಕೆ ಹೋಗುವವರು ನೇರವಾಗಿ ಆಂಬಿಯೆಂಟ್ ಆಲ್ಬಮ್ಮುಗಳಿಗೆ ಜಿಗಿಯಬಾರದು. 1975ರ ಜನವರಿಯಲ್ಲಿ ಟ್ಯಾಕ್ಸಿಯೊಂದು ಬಡಿದು ಈನೋ ಹಾಸಿಗೆ ಹಿಡಿದರು. ಅದೇ ವರ್ಷ ಬಂದ ಮೂರನೆಯ ಆಲ್ಬಮ್ 'ಅನದರ್ ಗ್ರೀನ್ ವರ್ಲ್ಡ್'ನಲ್ಲಿ ಹಾಡುವ ದನಿ ಹಿಂದೆ ಸರಿದು ವಾದ್ಯರಚನೆಗಳೇ ಹೆಚ್ಚಾದವು. ನಮ್ಮ ಆಲ್ಬಮ್ಮಿನ ಕೊನೆಯ ಹಾಡನ್ನು ಕೇಳಿದ ಮರುಕ್ಷಣವೇ ಆ ಆಲ್ಬಮ್ಮನ್ನು ಆರಂಭಿಸಿದರೆ ಹಾದಿ ಎಲ್ಲಿ ತಿರುಗಿತೆಂಬುದು ಸ್ಪಷ್ಟವಾಗುತ್ತದೆ. ಅದಕ್ಕೂ ಮೊದಲು '801 ಲೈವ್' ಎಂಬ ಧ್ವನಿಮುದ್ರಣವನ್ನು ಹುಡುಕಿ. 'ದ ಟ್ರೂ ವೀಲ್' ಹಾಡಿನ ಆ ಸಂಖ್ಯೆಯನ್ನೇ ಹೆಸರಾಗಿಸಿಕೊಂಡು ಮಾಂಜನೇರಾ, ಈನೋ ಮತ್ತಿತರರು ಕೂಡಿ 1976ರ ಸೆಪ್ಟೆಂಬರ್ 3ರಂದು ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲಿನಲ್ಲಿ ನುಡಿಸಿದ ಕಛೇರಿ ಅದು, ಮತ್ತು ಅದರಲ್ಲಿ 'ಥರ್ಡ್ ಅಂಕಲ್' ಮತ್ತೆ ಬರುತ್ತದೆ. ಸ್ಟುಡಿಯೊದಲ್ಲಿ ತುಂಡುತುಂಡಾಗಿ ಜೋಡಿಸಿದ ಹಾಡನ್ನು ಕೈಪಳಗಿದ ವಾದಕರು ವೇದಿಕೆಯ ಮೇಲೆ ಒಂದೇ ಬೀಸಿನಲ್ಲಿ ನುಡಿಸಿದ್ದಾರೆ. ಎರಡನ್ನೂ ಒಂದರ ಹಿಂದೊಂದು ಹಾಕಿ, ಈ ಸಲವೂ ಮೊದಲು ಬೇಸನ್ನೇ ಹಿಂಬಾಲಿಸಿ.